ನೀಲಿ ಇದ್ದದ್ದೆಲ್ಲ ನೈಟ್ರೈಲ್ ಅಲ್ಲ: ವ್ಯಾಕ್ಸಿಂಗ್‌ಗೆ ಗ್ಲೌಸ್ ಆರಿಸುವ ಬಗೆ

ಮದುವೆ ಹಂಗಾಮು ಶುರುವಾದರೆ ಕಲಬುರಗಿಯ ಬ್ಯೂಟಿ ಪಾರ್ಲರ್‌ಗಳಲ್ಲಿ ಕುರ್ಚಿ ಖಾಲಿ ಸಿಗುವುದಿಲ್ಲ. ಸೇಡಂ ರಸ್ತೆಯ ದೊಡ್ಡ ಸಲೂನ್‌ಗಳಿಂದ ಹಿಡಿದು ಬ್ರಹ್ಮಪುರದ ಓಣಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ನಡೆಯುವ ಪಾರ್ಲರ್‌ವರೆಗೆ, ಬೆಳಿಗ್ಗೆ ಹಚ್ಚಿದ ವ್ಯಾಕ್ಸ್ ಹೀಟರ್ ರಾತ್ರಿಯವರೆಗೆ ಆರುವುದಿಲ್ಲ. ವ್ಯಾಕ್ಸ್ ಯಾವ ಕಂಪನಿಯದು, ಫೇಶಿಯಲ್ ಕಿಟ್ ಚಿನ್ನದ್ದೋ ವಜ್ರದ್ದೋ ಎಂದು ಬಂದವರೂ ವಿಚಾರಿಸುತ್ತಾರೆ, ಮಾಡುವವರೂ ಹೆಮ್ಮೆಯಿಂದ ಹೇಳುತ್ತಾರೆ. ಕೈಗೆ ಹಾಕುವ ಗ್ಲೌಸ್ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಖಾನಾವಳಿಯಲ್ಲಿ ಪಲ್ಯ ಬಡಿಸಲು ಬಳಸುವ ಪಾಲಿಥೀನ್ ಗ್ಲೌಸ್‌ನಲ್ಲಿ ಬಿಸಿ ವ್ಯಾಕ್ಸ್ ಎಳೆಯುವವರಿದ್ದಾರೆ. ತಲೆಬಣ್ಣದ ಪೆಟ್ಟಿಗೆಯೊಳಗೆ ಪುಕ್ಕಟೆ ಬಂದದ್ದನ್ನು ತೊಳೆದು, ತಂತಿಯ ಮೇಲೆ ಒಣಹಾಕಿ, ಮತ್ತೊಬ್ಬರಿಗೆ ಬಳಸುವವರೂ ಇದ್ದಾರೆ. ಇವೆರಡಕ್ಕಿಂತ ಬರಿಗೈಯೇ ವಾಸಿ. ಕನಿಷ್ಠ ಅದನ್ನು ತೊಳೆಯಬೇಕೆಂಬ ನೆನಪಾದರೂ ಇರುತ್ತದೆ.

ಗ್ಲೌಸ್ ಯಾಕೆ ಬೇಕೆಂದರೆ, ವ್ಯಾಕ್ಸ್ ಪಟ್ಟಿ ಎಳೆದಾಗ ಕೂದಲು ಬುಡಸಮೇತ ಬರುತ್ತದೆ. ಕಂಕುಳಿನಂಥ ಜಾಗದ ದಪ್ಪ ಕೂದಲು ಕಿತ್ತಲ್ಲಿ ಸೂಜಿಮೊನೆಯಷ್ಟು ರಕ್ತ ಜಿನುಗುವುದು ಸಾಮಾನ್ಯ. ಹೆಪಟೈಟಿಸ್ ಬಿ ರಕ್ತದಿಂದ ಹರಡುವ ರೋಗ. ಬೆಳಿಗ್ಗೆ ಉಳ್ಳಾಗಡ್ಡಿ ಹೆಚ್ಚುವಾಗ ನಿಮ್ಮ ಬೆರಳಿಗಾದ ಸಣ್ಣ ಗಾಯವೇ ಅದಕ್ಕೆ ಬಾಗಿಲು. ಇದರ ಮೇಲೆ ದಿನವಿಡೀ ಸೋಪು, ನೀರು, ಬ್ಲೀಚ್ ಮುಟ್ಟುವ ಕೈಗೆ ಇಸಬು ಹತ್ತಿದರೆ ವೃತ್ತಿಯನ್ನೇ ಬಿಡಬೇಕಾಗುತ್ತದೆ.

1. ಕೆಲಸ ನೋಡಿ ವಸ್ತು ಆರಿಸಿ

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ನಾಲ್ಕು ಬಗೆ. ಪಾಲಿಥೀನ್ ಗ್ಲೌಸನ್ನು ಅಡುಗೆಮನೆಗೆ ಬಿಟ್ಟುಬಿಡಿ. ವಿನೈಲ್ ಎಂದರೆ ಪಿವಿಸಿ ಪ್ಲಾಸ್ಟಿಕ್. ಅಗ್ಗ, ಸಡಿಲ, ಎಳೆತ ತಾಳದು, ಬಿಸಿಗೆ ಮೆತ್ತಗಾಗುತ್ತದೆ. ಮೇಜು ಒರೆಸಲು, ಬಳಸಿದ ಪಟ್ಟಿಗಳನ್ನು ಎತ್ತಿಹಾಕಲು ಸಾಕು, ಚರ್ಮದ ಮೇಲಿನ ಕೆಲಸಕ್ಕೆ ಬೇಡ.

ಲ್ಯಾಟೆಕ್ಸ್ ಎಂದರೆ ರಬ್ಬರ್ ಮರದ ಹಾಲಿನಿಂದ ಮಾಡಿದ್ದು. ಕೈಗೆ ಕೂರುವ ವಿಷಯದಲ್ಲಿ ಇದರಷ್ಟು ಸುಖ ಬೇರೊಂದಿಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಕೆಲಸಕ್ಕೆ ಎರಡು ತೊಡಕು. ಮೊದಲನೆಯದು ಎಣ್ಣೆ. ವ್ಯಾಕ್ಸಿಂಗ್ ಆದ ಮೇಲೆ ಹಚ್ಚುವ ಎಣ್ಣೆ, ಪೆಟ್ರೋಲಿಯಂ ಜೆಲ್ಲಿ, ಮಸಾಜ್ ಕ್ರೀಮ್ ಎಲ್ಲವೂ ಲ್ಯಾಟೆಕ್ಸನ್ನು ಮೆತ್ತಗಾಗಿಸಿ ಬಲಗುಂದಿಸುತ್ತವೆ. ಎರಡನೆಯದು ಅಲರ್ಜಿ. ರಬ್ಬರ್ ಹಾಲಿನಲ್ಲಿರುವ ಪ್ರೋಟೀನ್ ಕೆಲವರಿಗೆ ಆಗುವುದಿಲ್ಲ. ಗಂದೆ ಏಳುವುದರಿಂದ ಹಿಡಿದು ಉಸಿರು ಕಟ್ಟುವವರೆಗೆ ಹೋಗಬಹುದು. ಬಂದವರನ್ನು ಸುಮ್ಮನೆ ‘ಅಲರ್ಜಿ ಇದೆಯೇ’ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ‘ಬಲೂನ್ ಊದಿದರೆ ತುಟಿ ಊದಿಕೊಳ್ಳುತ್ತದೆಯೇ? ಬಾಳೆಹಣ್ಣು, ಕಿವಿ ಹಣ್ಣು ತಿಂದರೆ ಬಾಯಿ ತುರಿಸುತ್ತದೆಯೇ?’ ಎಂದು ಕೇಳಿ. ಆ ಹಣ್ಣುಗಳಲ್ಲಿರುವ ಪ್ರೋಟೀನ್‌ಗಳು ಲ್ಯಾಟೆಕ್ಸ್‌ನದನ್ನು ಹೋಲುತ್ತವೆ. ಹೌದು ಎಂದವರ ಹತ್ತಿರ ಲ್ಯಾಟೆಕ್ಸ್ ಸುಳಿಯಬಾರದು.

ಒಳಗೆ ಪುಡಿ ಹಚ್ಚಿದ ಲ್ಯಾಟೆಕ್ಸ್ ಅಂತೂ ಮುಟ್ಟಲೇಬೇಡಿ. ಹಾಕಲು ಸಲೀಸಾಗಲೆಂದು ಸೇರಿಸುವ ಮೆಕ್ಕೆಜೋಳದ ಪಿಷ್ಟದ ಆ ಪುಡಿ ರಬ್ಬರ್ ಪ್ರೋಟೀನನ್ನು ಹೊತ್ತು ಗಾಳಿಯಲ್ಲಿ ತೇಲುತ್ತದೆ. ಮುಚ್ಚಿದ ಎಸಿ ಕೋಣೆಯಲ್ಲಿ ಅದನ್ನು ಉಸಿರಾಡುವವರು ನೀವೂ ಹೌದು, ನಿಮ್ಮ ಮುಂದಿನ ಗ್ರಾಹಕರೂ ಹೌದು. ಪುಡಿ ಇರುವ ವೈದ್ಯಕೀಯ ಗ್ಲೌಸ್‌ಗಳನ್ನು ಅಮೆರಿಕ 2017ರ ಜನವರಿಯಿಂದಲೇ ನಿಷೇಧಿಸಿದೆ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಇನ್ನೂ ಕೇಳಿದ ತಕ್ಷಣ ಕೊಡುತ್ತಾರೆ.

ಉಳಿದದ್ದು ನೈಟ್ರೈಲ್. ಇದು ಕಾರ್ಖಾನೆಯಲ್ಲಿ ತಯಾರಾಗುವ ಕೃತಕ ರಬ್ಬರ್. ಲ್ಯಾಟೆಕ್ಸ್ ಪ್ರೋಟೀನ್ ಇರುವುದಿಲ್ಲ, ಎಣ್ಣೆಗೆ ಜಗ್ಗುವುದಿಲ್ಲ, ಸುಲಭವಾಗಿ ತೂತಾಗುವುದಿಲ್ಲ. ವ್ಯಾಕ್ಸಿಂಗ್, ಬ್ಲೀಚ್, ಪೀಲಿಂಗ್, ಬ್ಲ್ಯಾಕ್‌ಹೆಡ್ ತೆಗೆಯುವುದು, ತಲೆಗೆ ಬಣ್ಣ ಹಚ್ಚುವುದು, ಎಲ್ಲಕ್ಕೂ ಇದೇ. ಹೆದರುವುದು ಮುಖ್ಯವಾಗಿ ಅಸಿಟೋನ್‌ಗೆ. ಅದಿರುವ ಉಗುರುಬಣ್ಣ ತೆಗೆಯುವ ದ್ರಾವಣ ತಗುಲಿದರೆ ನೈಟ್ರೈಲ್ ಉಬ್ಬಿ ಹಾಳಾಗುತ್ತದೆ. ಉಗುರಿನ ಕೆಲಸ ಮುಗಿಸಿದ ಗ್ಲೌಸ್‌ನಲ್ಲೇ ವ್ಯಾಕ್ಸ್‌ಗೆ ಕೈಹಾಕಬೇಡಿ.

2. ಅದು ನಿಜವಾಗಿಯೂ ನೈಟ್ರೈಲೇ?

ಹೆಚ್ಚಿನವರು ಮೋಸಹೋಗುವುದು ಇಲ್ಲಿ. ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಕಡೆಯ ಅಂಗಡಿಯೊಂದರಲ್ಲಿ ‘ನೈಟ್ರೈಲ್ ಕೊಡಿ ಅಣ್ಣ’ ಎಂದರೆ ನೀಲಿ ಪೆಟ್ಟಿಗೆಯೊಂದು ಮುಂದೆ ಬರುತ್ತದೆ. ‘ಇದು ನೈಟ್ರೈಲೇ ಏನ್ರೀ?’ ಎಂದರೆ, ‘ನೀಲಿ ಇದೆಯಲ್ಲ ಅಕ್ಕಾ’ ಎಂಬ ಉತ್ತರ. ನೀಲಿ ಎಂಬುದು ಬರೀ ಬಣ್ಣ. ವಿನೈಲ್‌ಗೂ ನೀಲಿ ಹಾಕುತ್ತಾರೆ, ಕಪ್ಪೂ ಹಾಕುತ್ತಾರೆ.

ಮೊದಲು ಪೆಟ್ಟಿಗೆಯ ಸಣ್ಣಕ್ಷರ ಓದಿ. ಬರೀ ‘ಸಿಂಥೆಟಿಕ್’ ಎಂದಿದ್ದರೆ ಅನುಮಾನಪಡಿ. ‘ಬ್ಲೆಂಡ್’, ‘ವಿನೈಲ್-ನೈಟ್ರೈಲ್’ ಎಂದಿದ್ದರೆ ಅದು ಬೆರಕೆ. ಅದರಲ್ಲಿ ಹೆಚ್ಚಿನ ಪಾಲು ವಿನೈಲ್ ಇರಬಹುದು. ವೈದ್ಯರು ರೋಗಿಯನ್ನು ಪರೀಕ್ಷಿಸುವಾಗ ಹಾಕುವಂಥ ಒಳ್ಳೆಯ ಗ್ಲೌಸ್ ಪೆಟ್ಟಿಗೆಯ ಮೇಲೆ ಗುಣಮಟ್ಟದ ಸಂಖ್ಯೆಗಳಿರುತ್ತವೆ. ಎಎಸ್‌ಟಿಎಂ (ಅಮೆರಿಕದ ಮಾನದಂಡ ಸಂಸ್ಥೆ) ಡಿ6319 ಎಂದಿದ್ದರೆ ನೈಟ್ರೈಲ್, ಡಿ5250 ಎಂದಿದ್ದರೆ ವಿನೈಲ್, ಡಿ3578 ಎಂದಿದ್ದರೆ ಲ್ಯಾಟೆಕ್ಸ್. ಈ ಮೂರು ಸಂಖ್ಯೆಗಳನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಂಡು ಅಂಗಡಿಗೆ ಹೋಗಿ. ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಇಎನ್ 455 ಎಂಬುದು ಯುರೋಪಿನ ವೈದ್ಯಕೀಯ ಗ್ಲೌಸ್ ಮಾನದಂಡ, ಅದಿದ್ದರೆ ಇನ್ನೂ ಒಳ್ಳೆಯದು. ‘ಎಕ್ಯೂಎಲ್ 1.5’ ಎಂಬ ಗುರುತು ಒಂದು ಬ್ಯಾಚ್ ಮಾಲಿನಲ್ಲಿ ಎಷ್ಟು ದೋಷವನ್ನು ಒಪ್ಪಿಕೊಳ್ಳಲಾಗಿದೆ ಎಂಬುದನ್ನು ಹೇಳುತ್ತದೆ. ಸಂಖ್ಯೆ ಸಣ್ಣದಾದಷ್ಟೂ ತೂತು ಕಡಿಮೆ. ಇವು ಯಾವುವೂ ಇಲ್ಲದೆ ಬರೀ ಸುಂದರಿಯ ಚಿತ್ರ ಇರುವ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬನ್ನಿ.

ಮುದ್ರಿಸಿದ್ದನ್ನೂ ಪೂರ್ತಿ ನಂಬಬೇಡಿ, ಒಂದನ್ನು ತೆಗೆಸಿ ನೋಡಿ. ಬೆಳಕಿಗೆ ಹಿಡಿದಾಗ ವಿನೈಲ್ ನುಣುಪಾಗಿ ಹೊಳೆಯುತ್ತದೆ, ಆಚೆಯದು ಮಸುಕಾಗಿ ಕಾಣುತ್ತದೆ, ಮೂಗಿಗೆ ಹಿಡಿದರೆ ಹೊಸ ಪ್ಲಾಸ್ಟಿಕ್ ಚಾಪೆಯ ವಾಸನೆ. ನೈಟ್ರೈಲ್ ಸಾಮಾನ್ಯವಾಗಿ ಮಂಕು. ಬೆರಳ ತುದಿಯಲ್ಲಿ ತರಿತರಿಯಾದ ಹಿಡಿತ ಇರುತ್ತದೆ. ಆಮೇಲೆ ಒಂದು ಬೆರಳನ್ನು ಹಿಡಿದು ಎರಡರಷ್ಟು ಉದ್ದಕ್ಕೆ ಎಳೆದು ಬಿಡಿ. ನೈಟ್ರೈಲ್ ಬಿಗಿಯಾಗಿ ಎಳೆದುಕೊಂಡು, ಬಿಟ್ಟ ತಕ್ಷಣ ಮೊದಲಿನ ಆಕಾರಕ್ಕೆ ಬರುತ್ತದೆ. ವಿನೈಲ್ ಒಂದೋ ಹರಿಯುತ್ತದೆ, ಇಲ್ಲವೇ ಇಲಾಸ್ಟಿಕ್ ಸತ್ತ ಪೈಜಾಮದಂತೆ ಜೋತುಬೀಳುತ್ತದೆ. ಕೊನೆಗೆ ಹಾಕಿಕೊಂಡು ಮುಷ್ಟಿ ಬಿಗಿಹಿಡಿಯಿರಿ. ನೈಟ್ರೈಲ್ ಕೈಯ ಶಾಖಕ್ಕೆ ಹೊಂದಿಕೊಂಡು ಸ್ವಲ್ಪ ಹೊತ್ತಿನಲ್ಲಿ ಇನ್ನಷ್ಟು ಚೆನ್ನಾಗಿ ಕೂರುತ್ತದೆ. ವಿನೈಲ್ ಅಂಗೈಯಲ್ಲಿ ಸುಕ್ಕುಸುಕ್ಕಾಗಿ ಉಳಿಯುತ್ತದೆ. ಆ ಸುಕ್ಕಿನಲ್ಲೇ ವ್ಯಾಕ್ಸ್ ಸಿಕ್ಕಿಕೊಳ್ಳುವುದು.

ಅಂಗಡಿಯವರು ಪೆಟ್ಟಿಗೆ ಬಿಚ್ಚಲು ಒಪ್ಪದಿದ್ದರೆ ಒಂದೇ ಪೆಟ್ಟಿಗೆ ಕೊಂಡು ಮನೆಯಲ್ಲಿ ಪರೀಕ್ಷಿಸಿ. ಅಗ್ಗ ಸಿಕ್ಕಿತೆಂದು ಹಂಗಾಮಿಗೆ ಬೇಕಾದಷ್ಟನ್ನು ಒಮ್ಮೆಲೇ ತಂದವರು ಏಪ್ರಿಲ್‌ನಲ್ಲಿ ಅತ್ತದ್ದನ್ನು ಕಂಡಿದ್ದೇನೆ. ಆಸ್ಪತ್ರೆಗಳ ಆಸುಪಾಸಿನ ಸರ್ಜಿಕಲ್ ಅಂಗಡಿಗಳಲ್ಲಿ ಕೊಳ್ಳುವುದು ಸೌಂದರ್ಯ ಸಾಮಗ್ರಿಯ ಅಂಗಡಿಗಿಂತ ಮೇಲು. ಅವರಿಗೆ ಸಂಖ್ಯೆಯ ಭಾಷೆ ಗೊತ್ತು. ಬೆಲೆ ಹೋಲಿಸುವಾಗ ಪೆಟ್ಟಿಗೆಯಲ್ಲಿ 100 ಇದೆಯೋ 50 ಇದೆಯೋ ನೋಡಿ. 100 ಎಂದರೆ 50 ಜೋಡಿ. 50 ಎಂದರೆ 25 ಜೋಡಿ ಮಾತ್ರ. ಆನ್‌ಲೈನ್‌ನ ‘ಭಾರಿ ರಿಯಾಯಿತಿ’ ಬಹಳ ಸಲ ಈ ಲೆಕ್ಕದಲ್ಲೇ ಅಡಗಿರುತ್ತದೆ.

ಬಣ್ಣದ ಮಾತು ಬಂದದ್ದಕ್ಕೆ ಹೇಳುತ್ತೇನೆ: ಈಗ ಎಲ್ಲರಿಗೂ ಕಪ್ಪು ಗ್ಲೌಸ್ ಹುಚ್ಚು. ವಿಡಿಯೊದಲ್ಲಿ ಚಂದ ಕಾಣುತ್ತದೆ, ಸರಿ. ಆದರೆ ಕಪ್ಪಿನ ಮೇಲೆ ರಕ್ತದ ಹನಿ ಕಾಣುವುದಿಲ್ಲ. ತಿಳಿನೀಲಿ ಅಥವಾ ಬಿಳಿಯನ್ನೇ ಕೊಳ್ಳಿ.

3. ಅಳತೆ

ಹೆಬ್ಬೆರಳು ಬಿಟ್ಟು, ಅಂಗೈಯ ಅಗಲವಾದ ಭಾಗಕ್ಕೆ ಟೇಪು ಸುತ್ತಿ. ಸುತ್ತಳತೆ ಸುಮಾರು 7 ಇಂಚು ಇದ್ದರೆ ಸ್ಮಾಲ್, 8 ಇದ್ದರೆ ಮೀಡಿಯಂ, 9 ಇದ್ದರೆ ಲಾರ್ಜ್. ಅಂಗಡಿಯಲ್ಲಿ ಸ್ಮಾಲ್ ಇಲ್ಲದಾಗ ‘ಮೀಡಿಯಂ ಎಲ್ಲರಿಗೂ ಆಗುತ್ತದೆ’ ಎನ್ನುತ್ತಾರೆ. ಆಗುವುದಿಲ್ಲ. ಬೆರಳ ತುದಿಯಲ್ಲಿ ಅರ್ಧ ಇಂಚು ಜೋತಾಡಿದರೆ ಅದು ಮೊದಲ ಪಟ್ಟಿಗೇ ಅಂಟಿಕೊಂಡು ಕೈಯಿಂದ ಕಳಚಿ ಬರುತ್ತದೆ. ಸಕ್ಕರೆ-ನಿಂಬೆಯ ಹಲಾವಾ ವ್ಯಾಕ್ಸನ್ನು ಕೈಯಿಂದಲೇ ನಾದಿ ಎಳೆಯುವವರಿಗಂತೂ ಬಿಗಿಯಾದದ್ದೇ ಬೇಕು.

4. ದಪ್ಪ

4 ರಿಂದ 5 ಮಿಲ್ ಸಾಕು. ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. 4 ಮಿಲ್ ಸುಮಾರು 0.1 ಮಿಲಿಮೀಟರ್.

5. ನೀರು ತುಂಬಿ ನೋಡಿ

ಹೊಸ ಪೆಟ್ಟಿಗೆ ತಂದ ದಿನ ನಾಲ್ಕೈದು ಗ್ಲೌಸ್ ತೆಗೆದು ಒಂದೊಂದರಲ್ಲಿ ಒಂದು ಲೀಟರ್ ನೀರು ತುಂಬಿ, ಬಾಯಿ ಹಿಡಿದು ಎರಡು ನಿಮಿಷ ತೂಗುಹಾಕಿ. ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ. ಬೆರಳ ಸಂದಿನಲ್ಲಿ ಹನಿ ಕಂಡರೆ ಆ ಪೆಟ್ಟಿಗೆ ವಾಪಸ್. ನೀರು ಚೆಲ್ಲಬೇಡಿ, ತುಳಸಿ ಕಟ್ಟೆಗೆ ಹಾಕಿ. ಬೇಸಿಗೆಯಲ್ಲಿ ನಮ್ಮ ಊರಿನಲ್ಲಿ ಒಂದು ಲೀಟರ್ ನೀರಿನ ಬೆಲೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪರೀಕ್ಷೆ ಮಾಡಿದ ಗ್ಲೌಸನ್ನು ಕೆಲಸಕ್ಕೆ ಬಳಸದೆ ಬಚ್ಚಲು ತೊಳೆಯಲು ಇಟ್ಟುಕೊಳ್ಳಿ.

6. ಕಲಬುರಗಿ ಬಿಸಿಲಿನಿಂದ ಕಾಪಾಡಿ

ಪೆಟ್ಟಿಗೆಯ ಮೇಲೆ ಬರೆದಿರುವ ‘ತಂಪಾದ, ಒಣ ಜಾಗದಲ್ಲಿಡಿ’ ಎಂಬ ಮಾತನ್ನು ಮಲೆನಾಡಿನವರು ಮರೆತರೆ ನಡೆದೀತು. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ನಮ್ಮಲ್ಲಿ ನಡೆಯದು. ಬಿಸಿಲು, ಶಾಖ, ಓಝೋನ್ ಮೂರೂ ರಬ್ಬರನ್ನು ಬಿರುಕು ಬಿಡಿಸುತ್ತವೆ. ಲ್ಯಾಟೆಕ್ಸ್ ಬೇಗ ಹಾಳಾಗುತ್ತದೆ, ನೈಟ್ರೈಲ್ ತಡವಾಗಿ. ಆದ್ದರಿಂದ ಕಿಟಕಿಯ ಕಟ್ಟೆ, ವ್ಯಾಕ್ಸ್ ಹೀಟರ್‌ನ ಪಕ್ಕ, ತಗಡಿನ ಚಾವಣಿಯ ಕೆಳಗಿನ ಅಟ್ಟ ಬೇಡ. ಉಪಕರಣ ಇಡುವ ಯುವಿ ಪೆಟ್ಟಿಗೆಯೊಳಗೆ ‘ಶುದ್ಧವಾಗಲಿ’ ಎಂದು ಗ್ಲೌಸ್ ಇಡುವುದೂ ಬೇಡ, ಆ ಕಿರಣವೇ ಅದನ್ನು ತಿನ್ನುತ್ತದೆ. ಮನೆಮನೆಗೆ ಹೋಗಿ ಮದುಮಗಳ ಕೆಲಸ ಮಾಡುವವರು ಸ್ಕೂಟಿಯ ಸೀಟಿನ ಕೆಳಗೆ ಗ್ಲೌಸ್ ತುರುಕಿ ಊರೆಲ್ಲ ಸುತ್ತುತ್ತಾರೆ. ಮಧ್ಯಾಹ್ನ ಆ ಡಿಕ್ಕಿಯೊಳಗೆ ಕೈ ಇಟ್ಟು ನೋಡಿ, ಗೊತ್ತಾಗುತ್ತದೆ. ಆ ದಿನಕ್ಕೆ ಬೇಕಾದಷ್ಟನ್ನು ಸ್ವಚ್ಛ ಜಿಪ್ ಚೀಲದಲ್ಲಿ ಹಾಕಿ ಹೆಗಲ ಚೀಲದಲ್ಲಿಟ್ಟುಕೊಳ್ಳಿ.

ಬೆವರಿನ ಕಾಟವೂ ಇದೆ. ಒದ್ದೆ ಕೈಗೆ ಗ್ಲೌಸ್ ಏರುವುದಿಲ್ಲ. ಎಳೆದಾಡಿದರೆ ಉಗುರು ತಾಗಿ ಹರಿಯುತ್ತದೆ. ಉಗುರು ಕತ್ತರಿಸಿ, ಉಂಗುರ ತೆಗೆದಿಟ್ಟು, ಕೈ ಪೂರ್ತಿ ಒಣಗಿದ ಮೇಲೆ ಹಾಕಿಕೊಳ್ಳಿ. ನೈಟ್ರೈಲ್ ಹಾಕಿಯೂ ಕೈ ತುರಿಸಿ ಕೆಂಪಾಗುತ್ತಿದ್ದರೆ ಕಾರಣ ಬರೀ ಬೆವರಿರಬಹುದು, ಇಲ್ಲವೇ ತಯಾರಿಕೆಯಲ್ಲಿ ಬಳಸುವ ಆಕ್ಸಿಲರೇಟರ್ ರಾಸಾಯನಿಕಗಳಿರಬಹುದು. ಅವಿಲ್ಲದ ಗ್ಲೌಸ್‌ಗಳೂ ಸಿಗುತ್ತವೆ. ಮೊದಲು ಚರ್ಮವೈದ್ಯರಿಗೆ ತೋರಿಸಿ.

7. ಬಳಸುವಾಗ

ವ್ಯಾಕ್ಸ್ ಗ್ಲೌಸ್‌ಗೆ ಅಂಟುತ್ತದೆ ಎಂಬ ದೂರಿಗೆ ಮದ್ದು ಗ್ಲೌಸ್‌ನಲ್ಲಿಲ್ಲ, ಕೈಚಳಕದಲ್ಲಿದೆ. ಪಟ್ಟಿಯ ಒಂದು ತುದಿಯನ್ನು ವ್ಯಾಕ್ಸ್ ತಾಗದಂತೆ ಬಿಟ್ಟು ಅಲ್ಲಿಯೇ ಹಿಡಿಯಿರಿ. ಚರ್ಮ ಬಿಗಿಹಿಡಿಯುವ ಕೈಯ ಬೆರಳಿಗೆ ಚಿಟಿಕೆ ಟಾಲ್ಕಂ ಪೌಡರ್ ಸಾಕು. ಅದಕ್ಕೆ ಎಣ್ಣೆ ಹಚ್ಚಿದರೆ ಚರ್ಮ ಜಾರುತ್ತದೆ, ಜಾರಿದ ಚರ್ಮದ ಮೇಲೆ ಪಟ್ಟಿ ಎಳೆದರೆ ಸಿಪ್ಪೆ ಏಳುತ್ತದೆ. ಉಳಿದ ವ್ಯಾಕ್ಸ್ ಒರೆಸುವಾಗ ಮಾತ್ರ ಒಂದು ಹನಿ ಎಣ್ಣೆ. ತೆಳು ಗ್ಲೌಸ್ ಬಿಸಿಯನ್ನು ತಡೆಯುವುದಿಲ್ಲ, ಆದರೆ ಬಿಸಿ ಎಷ್ಟಿದೆ ಎಂಬ ಅರಿವನ್ನು ಕಡಿಮೆ ಮಾಡುತ್ತದೆ. ವ್ಯಾಕ್ಸ್ ಹದವನ್ನು ಗ್ಲೌಸ್‌ನ ಅಂಚಿಗಿಂತ ಮೇಲೆ, ನಿಮ್ಮದೇ ಮುಂಗೈಯ ಒಳಬದಿಯಲ್ಲಿ ನೋಡಿ.

ಫೇಶಿಯಲ್ ಮಸಾಜ್‌ಗೆ ಗ್ಲೌಸ್ ಬೇಡವೆಂದೇ ನನ್ನ ಮತ. ಕೈಯಲ್ಲಿ ಗಾಯವಿಲ್ಲದೆ, ಎದುರಿನ ಮುಖದಲ್ಲಿ ಕೀವುಗುಳ್ಳೆ ಇಲ್ಲದಿದ್ದರೆ ತೊಳೆದ ಬರಿಗೈಯೇ ಚೆನ್ನ. ಬ್ಲ್ಯಾಕ್‌ಹೆಡ್ ತೆಗೆಯುವ ಹಂತಕ್ಕೆ ಬಂದಾಗ ಹೊಸ ಜೋಡಿ ಹಾಕಿಕೊಳ್ಳಿ.

ಒಬ್ಬರಿಗೆ ಒಂದು ಜೋಡಿ ಎಂಬುದು ಕನಿಷ್ಠ ಲೆಕ್ಕ. ಕಾಲಿನಿಂದ ಮುಖಕ್ಕೆ ಹೋಗುವಾಗ, ರಕ್ತ ಕಂಡಾಗ, ಮಧ್ಯೆ ಫೋನ್ ಎತ್ತಿದಾಗ ಬದಲಿಸಿ. ಗ್ಲೌಸ್ ಮೇಲೆಯೇ ಸ್ಯಾನಿಟೈಸರ್ ಸುರಿದು ಮುಂದುವರಿಯುವ ಚಾಳಿ ಕೊರೊನಾ ಕಾಲದಲ್ಲಿ ಬಂದದ್ದು, ಇನ್ನೂ ಹೋಗಿಲ್ಲ. ಆಲ್ಕೋಹಾಲ್, ಸೋಪು ಎರಡೂ ಒಂದೇ ಬಳಕೆಯ ಗ್ಲೌಸನ್ನು ಸವೆಸಿ ಕಣ್ಣಿಗೆ ಕಾಣದ ತೂತು ಮಾಡುತ್ತವೆ.

ತೆಗೆಯುವಾಗ ಮಣಿಕಟ್ಟಿನ ಹತ್ತಿರ ಹೊರಮೈ ಚಿವುಟಿ ಹಿಡಿದು ಒಳಗು ಹೊರಗಾಗುವಂತೆ ಎಳೆಯಿರಿ, ತೆಗೆದದ್ದನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿಯಿರಿ. ಬರಿಗೈಯ ಬೆರಳನ್ನು ಎರಡನೆಯದರ ಒಳಕ್ಕೆ ತೂರಿಸಿ ಹಾಗೆಯೇ ಮಗುಚಿದರೆ ಮೊದಲನೆಯದು ಅದರೊಳಗೇ ಉಳಿಯುತ್ತದೆ. ಕೈ ತೊಳೆಯಿರಿ. ಬಳಸಿದ ಗ್ಲೌಸ್, ಪಟ್ಟಿಗಳನ್ನು ಕಾಗದದಲ್ಲಿ ಸುತ್ತಿ, ಬೇರೆ ಚೀಲದಲ್ಲಿ ಪಾಲಿಕೆಯ ಕಸದ ಗಾಡಿಗೆ ಕೊಡಿ. ಹಿತ್ತಲಲ್ಲಿ ಸುಡಬೇಡಿ: ವಿನೈಲ್ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್, ನೈಟ್ರೈಲ್ ಸುಟ್ಟರೆ ಹೈಡ್ರೋಜನ್ ಸಯನೈಡ್ ಹೊರಬೀಳುತ್ತದೆ. ಎರಡೂ ವಿಷಾನಿಲಗಳೇ.