ಸ್ಕೌಟ್ ಮಗುವಿನ ವರ್ಷದ ಖರ್ಚು: ಜೂನ್‌ನಲ್ಲೇ ಲೆಕ್ಕ ಹಾಕುವುದು ಹೇಗೆ?

ಜೂನ್ ತಿಂಗಳಲ್ಲಿ ಶಾಲೆಯಿಂದ ಒಂದು ಚೀಟಿ ಬರುತ್ತದೆ. ಮಗುವನ್ನು ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ಸೇರಿಸುತ್ತೀರಾ ಎಂಬ ಪ್ರಶ್ನೆ, ಕೆಳಗೊಂದು ಸಣ್ಣ ಶುಲ್ಕ. ‘ಇಷ್ಟೇನಾ’ ಎಂದು ಸಹಿ ಹಾಕಿಕೊಟ್ಟ ಪಾಲಕರೇ ಡಿಸೆಂಬರ್‌ನಲ್ಲಿ ಶಿಬಿರದ ಪತ್ರ ಕೈಗೆ ಬಂದಾಗ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಎಷ್ಟೋ ಮಕ್ಕಳು ದ್ವಿತೀಯ ಸೋಪಾನದ (ಸ್ಕೌಟ್ ಪರೀಕ್ಷೆಗಳ ಎರಡನೇ ಮೆಟ್ಟಿಲು) ಹೊತ್ತಿಗೆ ದಳ ಬಿಡುವುದಕ್ಕೆ ಇದೇ ಕಾರಣ. ವರ್ಷದ ಒಟ್ಟು ಮೊತ್ತ ಅಂಥ ದೊಡ್ಡದೇನಲ್ಲ. ಆದರೆ ಅದು ಎರಡೇ ಸಲ, ಗುಡ್ಡೆಯಾಗಿ ಬಂದು ಬೀಳುತ್ತದೆ: ಒಮ್ಮೆ ಸಮವಸ್ತ್ರಕ್ಕೆ, ಇನ್ನೊಮ್ಮೆ ಶಿಬಿರಕ್ಕೆ. ಈ ಎರಡನ್ನೂ ಮೊದಲೇ ಹಿಡಿದಿಟ್ಟರೆ ಉಳಿದದ್ದೆಲ್ಲ ಚಿಲ್ಲರೆ.

ಮಗುವಿನ ವಯಸ್ಸು ನೋಡಿ

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ 5ರಿಂದ 10 ವರ್ಷದವರು ಕಬ್ (ಹುಡುಗರು) ಮತ್ತು ಬುಲ್‌ಬುಲ್ (ಹುಡುಗಿಯರು). 10 ತುಂಬಿದ ಮೇಲೆ ಸ್ಕೌಟ್ ಮತ್ತು ಗೈಡ್. ಇನ್ನೂ ದೊಡ್ಡವರು ರೋವರ್ ಮತ್ತು ರೇಂಜರ್. ವಿಭಾಗ ಬದಲಾದರೆ ಸಮವಸ್ತ್ರವೂ ಬದಲಾಗುತ್ತದೆ. ಆದ್ದರಿಂದ ಒಂಬತ್ತೂವರೆ ವರ್ಷದ ಮಗುವಿಗೆ ಹೊಸ ಕಬ್ ಸಮವಸ್ತ್ರ ಹೊಲಿಸಲೇಬೇಡಿ. ಆರು ತಿಂಗಳ ಮಟ್ಟಿಗೆ ದಳದ ಹಿರಿಯ ಮಕ್ಕಳ ಹಳೆಯ ಅಂಗಿ ಸಾಕು, ಕೇಳಿ ಪಡೆಯಿರಿ.

ನೋಂದಣಿ

ಇದು ಎಲ್ಲಕ್ಕಿಂತ ಕಡಿಮೆ ಖರ್ಚಿನ ಬಾಬ್ತು. ಪ್ರತಿ ವರ್ಷ ನವೀಕರಣವಾಗಬೇಕು. ರಸೀದಿ ಮತ್ತು ಮಗುವಿನ ಬಿಎಸ್‌ಜಿ ಐಡಿ (ಸಂಸ್ಥೆಯ ಸದಸ್ಯತ್ವ ಸಂಖ್ಯೆ) ಬರೆದ ಕಾಗದ ಎರಡನ್ನೂ ಒಂದು ಕಡತದಲ್ಲಿ ಇಟ್ಟುಕೊಳ್ಳಿ. ಮುಂದೆ ರಾಜ್ಯಮಟ್ಟದ ಪ್ರಶಸ್ತಿಯಾದ ರಾಜ್ಯ ಪುರಸ್ಕಾರದ ಪರೀಕ್ಷಾ ಶಿಬಿರಕ್ಕೆ ಅರ್ಜಿ ಹಾಕುವಾಗ ಹಿಂದಿನ ವರ್ಷಗಳ ದಾಖಲೆ ಬೇಕಾಗುತ್ತದೆ. ವೃತ್ತಿಪರ ಕೋರ್ಸ್‌ಗಳ ಸಿಇಟಿ ಸೀಟು ಹಂಚಿಕೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ವಿಶೇಷ ವರ್ಗವೇ ಇದೆ. ಅಲ್ಲಿ ಎಣಿಕೆಗೆ ಬರುವುದು ಪ್ರಮಾಣಪತ್ರ, ಅದರ ಬೆನ್ನಿಗೆ ಈ ದಾಖಲೆ. ಶಾಲೆಯ ವಾರ್ಷಿಕ ಶುಲ್ಕದಲ್ಲೇ ಸ್ಕೌಟ್ ಶುಲ್ಕ ಸೇರಿದೆಯೇ ಎಂದೂ ವಿಚಾರಿಸಿ. ಎರಡೂ ಕಡೆ ಕಟ್ಟುವವರು ಇದ್ದಾರೆ.

ಸಮವಸ್ತ್ರ: ಜೂನ್‌ನಲ್ಲಿ ಹೊಲಿಸಬೇಡಿ

ಹೆಚ್ಚಿನವರು ಎಡವುವುದು ಇಲ್ಲೇ. ಹೊಸದಾಗಿ ಸೇರಿದ ಮಗು ಸೋಪಾನಗಳಿಗೂ ಮುಂಚಿನ ‘ಪ್ರವೇಶ’ದ ಅಭ್ಯಾಸ ಮುಗಿಸಿ ದೀಕ್ಷೆ (ಪ್ರತಿಜ್ಞೆ ಮಾಡಿ ಸದಸ್ಯನಾಗುವ ವಿಧಿ) ಪಡೆಯಲು ಕನಿಷ್ಠ ಮೂರು ತಿಂಗಳು ಬೇಕು. ಸದಸ್ಯತ್ವದ ಪದಕ (ಬಟ್ಟೆಯ ಬ್ಯಾಡ್ಜ್) ಅಂಗಿಗೆ ಏರುವುದೂ ದೀಕ್ಷೆಯ ದಿನವೇ. ಅಲ್ಲಿವರೆಗೆ ಶಾಲೆಯ ಬಟ್ಟೆಯಲ್ಲೇ ತರಗತಿಗೆ ಹೋದರೆ ಯಾವ ತೊಂದರೆಯೂ ಇಲ್ಲ. ಮಗುವಿಗೆ ಸ್ಕೌಟಿಂಗ್ ಹಿಡಿಸುತ್ತದೋ ಇಲ್ಲವೋ ಎಂಬುದೂ ಅಷ್ಟರಲ್ಲಿ ಗೊತ್ತಾಗುತ್ತದೆ. ಪುಸ್ತಕ, ಬ್ಯಾಗು, ಶಾಲಾ ಶುಲ್ಕ ಎಲ್ಲ ಒಟ್ಟಿಗೆ ಬರುವ ಜೂನ್‌ನಲ್ಲಿ ಇದನ್ನೂ ಸೇರಿಸಿಕೊಳ್ಳುವುದು ಯಾಕೆ? ಆಗಸ್ಟ್ ಕೊನೆಗೆ ಅಳತೆ ಕೊಡಿ.

ಸ್ಕೌಟ್ ಹುಡುಗನಿಗೆ ಬೂದು ಅಂಗಿ, ಅಂದರೆ ಅಂಗಡಿಯವರು ಸ್ಟೀಲ್ ಗ್ರೇ ಎನ್ನುವ ಬಣ್ಣ. ಎರಡು ಜೇಬು, ಹೆಗಲ ಮೇಲೆ ಪಟ್ಟಿ. ಕೆಳಗೆ ಗಾಢ ನೀಲಿ ಚಡ್ಡಿ ಅಥವಾ ಪ್ಯಾಂಟು. ಬಟ್ಟೆ ಕೊಳ್ಳುವಾಗ ದಳದ ಒಬ್ಬ ಹಳೆಯ ಸ್ಕೌಟಿನ ಅಂಗಿಯನ್ನೇ ಅಂಗಡಿಗೆ ಒಯ್ದು, ಹೊರಗೆ ಬಿಸಿಲಿನಲ್ಲಿ ಹೋಲಿಸಿ ನೋಡಿ. ಟ್ಯೂಬ್‌ಲೈಟ್ ಕೆಳಗೆ ಬೂದು ಬಣ್ಣದ ನಾಲ್ಕೈದು ಛಾಯೆಗಳು ಒಂದೇ ಥರ ಕಾಣುತ್ತವೆ, ಸಾಲಿನಲ್ಲಿ ನಿಂತಾಗ ಎದ್ದು ಕಾಣುತ್ತವೆ. ಆಮೇಲೆ ಇನ್ನೊಂದು ಅಂಗಿ.

ಹನ್ನೊಂದು–ಹನ್ನೆರಡು ವರ್ಷದ ಸಾಧಾರಣ ಮೈಕಟ್ಟಿನ ಹುಡುಗನಿಗೆ 58 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಅರ್ಧ ತೋಳಿನ ಅಂಗಿಗೆ ಸುಮಾರು 1.40 ಮೀಟರ್ ಸಾಕು. ಜೇಬಿನ ಮುಚ್ಚಳ, ಹೆಗಲಪಟ್ಟಿಗೆ ಬೇಕಾದದ್ದೂ ಇದರಲ್ಲೇ ಬಂತು. 36 ಇಂಚು ಪನ್ನವಾದರೆ 2 ಮೀಟರ್ ಹಿಡಿಯಿರಿ. 58 ಇಂಚು ಪನ್ನದಲ್ಲಿ ಪ್ಯಾಂಟಿಗೆ 1.10 ಮೀಟರ್, ಚಡ್ಡಿಗೆ 70 ಸೆಂ.ಮೀ. ಅಪ್ಪಟ ಹತ್ತಿ ಬಟ್ಟೆಯಾದರೆ ಹೊಲಿಯಲು ಕೊಡುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಇಲ್ಲದಿದ್ದರೆ ಎರಡು ಒಗೆತಕ್ಕೇ ತೋಳು ಮೇಲೇರುತ್ತದೆ. ಟೆರಿಕಾಟನ್ ಕುಗ್ಗುವುದು ಕಡಿಮೆ, ಬೇಗ ಒಣಗುತ್ತದೆ. ಶಿಬಿರಕ್ಕೆ ಅದೇ ಒಳ್ಳೆಯದು.

ಟೈಲರ್ ಹತ್ತಿರ ಮರೆಯದೆ ಹೇಳಬೇಕಾದ ಮಾತುಗಳಿವೆ. ಈ ವಯಸ್ಸಿನ ಮಗು ವರ್ಷಕ್ಕೆ 5ರಿಂದ 7 ಸೆಂ.ಮೀ. ಬೆಳೆಯುತ್ತದೆ, ಒಮ್ಮೊಮ್ಮೆ ಇನ್ನೂ ಹೆಚ್ಚು. ಪ್ಯಾಂಟಿನ ಕೆಳಗಡೆ ಎರಡೂವರೆ ಇಂಚು ಒಳಮಡಿಕೆ ಬಿಡಿಸಿ. ಸೊಂಟದ ಹಿಂಬದಿಯ ನಡುಹೊಲಿಗೆಯಲ್ಲಿ ಒಂದೂವರೆ ಇಂಚು, ಅಂಗಿಯ ಎರಡೂ ಪಕ್ಕದ ಹೊಲಿಗೆಯಲ್ಲಿ ಮುಕ್ಕಾಲು ಇಂಚು ಬಟ್ಟೆ ಒಳಗೆ ಇರಲಿ. ಮುಂದಿನ ಜೂನ್‌ನಲ್ಲಿ ಅದೇ ಹೊಲಿಗೆ ಬಿಚ್ಚಿ ಹಿಗ್ಗಿಸಿದರೆ ಎರಡನೇ ವರ್ಷಕ್ಕೂ ಬರುತ್ತದೆ. ಆದರೆ ಹೆಗಲನ್ನು ಹಿಗ್ಗಿಸಲು ಆಗುವುದಿಲ್ಲ. ಅಲ್ಲಿ ಮೊದಲೇ ಅರ್ಧ ಇಂಚು ಸಡಿಲ ಹೊಲಿಸಬೇಕು. ದುಡ್ಡು ಉಳಿಸಬೇಕೆಂದಿದ್ದರೆ ಚಡ್ಡಿಯನ್ನೇ ಆರಿಸಿ. ಉದ್ದದ ಚಿಂತೆ ಇಲ್ಲ, ಸೊಂಟ ಒಂದನ್ನು ಹಿಗ್ಗಿಸಿದರೆ ಆಯಿತು.

ರೆಡಿಮೇಡ್ ಸೆಟ್ ಬೇಡವೇ ಬೇಡ. ಒಳಮಡಿಕೆ ಅರ್ಧ ಇಂಚೂ ಇರುವುದಿಲ್ಲ, ಹಿಗ್ಗಿಸಲು ದಾರಿಯೇ ಇಲ್ಲ. ಹೆಗಲಪಟ್ಟಿ ಎರಡು ತಿಂಗಳಲ್ಲಿ ಕಿತ್ತು ಬರುತ್ತದೆ. ಬೆಲೆ ಹೊಲಿಸಿದ್ದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು, ಆದರೆ ವರ್ಷವರ್ಷವೂ ಹೊಸದು ಕೊಳ್ಳಬೇಕು.

ಗೈಡ್ ಹುಡುಗಿಯರ ಸಮವಸ್ತ್ರ ಬೇರೆ, ಬಟ್ಟೆಯೂ ಹೆಚ್ಚು ಹಿಡಿಯುತ್ತದೆ. ಯಾವ ಮಾದರಿ ಎಂಬುದನ್ನು ದಳ ನಡೆಸುವ ಗೈಡ್ ಕ್ಯಾಪ್ಟನ್ ಬಳಿ ಕೇಳದೆ ಒಂದು ಮೀಟರ್ ಕೂಡ ಕೊಳ್ಳಬೇಡಿ. ಕಮೀಜಿನ ಅಡಿಮಡಿಕೆ, ಪಕ್ಕದ ಹೊಲಿಗೆಗೂ ಮೇಲಿನ ಮಾತೇ ಅನ್ವಯ.

ಬೂಟು ಕಪ್ಪು. ಶಾಲೆಗೆ ಹಾಕುವ ಕಪ್ಪು ಬೂಟೇ ಆಗುತ್ತದೆ. ಇದಕ್ಕೆ ಬೇರೆ ಹಣ ತೆಗೆದಿಡಬೇಕಿಲ್ಲ.

ಸ್ಕಾರ್ಫ್ ಮನೆಯಲ್ಲೇ ಆಗುತ್ತದೆ

ಸ್ಕಾರ್ಫ್ ತ್ರಿಕೋನದ ಬಟ್ಟೆ, ಎರಡು ಬದಿ 70ರಿಂದ 80 ಸೆಂ.ಮೀ. ಬಣ್ಣ ಆಯಾ ದಳದ್ದು. 80 ಸೆಂ.ಮೀ. ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಸ್ಕಾರ್ಫ್ ಬಂತು. ಎಂಟು ಮಕ್ಕಳ ಒಂದು ಪೆಟ್ರೋಲ್‌ಗೆ (ದಳದೊಳಗಿನ ಸಣ್ಣ ತಂಡಕ್ಕೆ) ನಾಲ್ಕು ಚೌಕ, ಅಂದರೆ 36 ಇಂಚು ಪನ್ನದ ಬಟ್ಟೆ 3.20 ಮೀಟರ್ ಸಾಕು. ಎಂಟು ಮನೆಯವರು ಎಂಟು ಅಂಗಡಿಯಲ್ಲಿ ಕೊಳ್ಳುವ ಬದಲು ಒಬ್ಬರು ಒಂದೇ ಥಾನಿನಿಂದ ಕತ್ತರಿಸಿ ತಂದರೆ ಬಣ್ಣವೂ ಒಂದೇ, ದುಡ್ಡೂ ಕಡಿಮೆ. ಓರೆಯಾಗಿ ಕತ್ತರಿಸಿದ ಉದ್ದನೆಯ ಅಂಚು ಎಳೆದರೆ ಜಗ್ಗುತ್ತದೆ. ಕತ್ತರಿಸಿದ ದಿನವೇ ಸಣ್ಣ ಮಡಿಕೆ ಹಾಕಿ ಹೊಲಿದುಬಿಡಿ.

ಹತ್ತಿಯದ್ದೇ ಇರಲಿ. ಪೇಟೆಯಲ್ಲಿ ಸಿಗುವ ಹೊಳೆಯುವ ಪಾಲಿಯೆಸ್ಟರ್ ಸ್ಕಾರ್ಫ್ ಕುತ್ತಿಗೆಯಲ್ಲಿ ನಿಲ್ಲುವುದಿಲ್ಲ, ಸ್ಕಾರ್ಫ್ ಹಿಡಿದಿಡುವ ಉಂಗುರವಾದ ವಾಗಲ್‌ನಿಂದ ಜಾರುತ್ತದೆ. ಪ್ರಥಮ ಚಿಕಿತ್ಸೆಯ ಅಭ್ಯಾಸದಲ್ಲಿ ಕೈಗೆ ಜೋಳಿಗೆ ಕಟ್ಟಲು ಹೋದರೆ ಗಂಟೇ ಹಿಡಿಯುವುದಿಲ್ಲ. 80 ಸೆಂ.ಮೀ. ಹತ್ತಿ ಸ್ಕಾರ್ಫಿನ ಉದ್ದನೆಯ ಅಂಚು 113 ಸೆಂ.ಮೀ. ಬರುತ್ತದೆ, ಮಗುವಿನ ತೋಳು ಹೊರುವ ಜೋಳಿಗೆಗೆ ಅದು ಸಾಲುತ್ತದೆ.

ಪದಕ, ಟೋಪಿ, ಬೆಲ್ಟ್

ಇವನ್ನು ಮಾತ್ರ ಹೊರಗೆ ಕೊಳ್ಳಬೇಡಿ. ಸ್ಕೌಟ್ ಮಾಸ್ಟರ್ ಮೂಲಕ ಸಂಸ್ಥೆಯ ಸ್ಕೌಟ್ ಶಾಪ್‌ನಿಂದಲೇ ತರಿಸಿ. ಬೆಲ್ಟ್ ಪಟ್ಟಿ ಹರಿದರೆ ಪಟ್ಟಿ ಒಂದನ್ನೇ ಬದಲಿಸಿ, ಬಕಲ್ ವರ್ಷಗಟ್ಟಲೆ ಬರುತ್ತದೆ. ಪದಕಗಳನ್ನು ಫೆವಿಕಾಲ್‌ನಿಂದ ಅಂಟಿಸಿದರೆ ಒಗೆದಾಗ ಅಂಚು ಏಳುತ್ತದೆ, ಅಂಗಿಯ ಮೇಲೆ ಹೋಗದ ಕಲೆ ಉಳಿಯುತ್ತದೆ. ಮಷಿನ್ ಹೊಲಿಗೆಯೂ ಬೇಡ. ತೋಳಿನ ಮೇಲಿನ ಸೋಪಾನದ ಪದಕ ಮುಂದಿನ ಸೋಪಾನ ದಾಟಿದಾಗ ಬದಲಾಗುತ್ತದೆ, ಮಷಿನ್ ಹೊಲಿಗೆ ಬಿಚ್ಚುವಾಗ ಬಟ್ಟೆ ಹರಿಯುತ್ತದೆ. ಅದೇ ಬಣ್ಣದ ದಾರದಲ್ಲಿ ಕೈಹೊಲಿಗೆ ಹಾಕಿ. ಇದನ್ನು ಮಗುವೇ ಮಾಡಬೇಕು. ಹತ್ತು ವರ್ಷದ ಮಗುವಿಗೆ ಇದು ಕಷ್ಟದ ಕೆಲಸವಲ್ಲ.

ಹಗ್ಗ ಮತ್ತು ಲಾಗ್‌ಬುಕ್

ಗಂಟು ಅಭ್ಯಾಸಕ್ಕೆ 3 ಮೀಟರ್ ಹಗ್ಗ, 8ರಿಂದ 10 ಮಿ.ಮೀ. ದಪ್ಪ. ಮೆತ್ತನೆಯ ಹತ್ತಿ ಹಗ್ಗ ಒಳ್ಳೆಯದು. ನೈಲಾನ್‌ನಲ್ಲಿ ರೀಫ್ ಗಂಟು, ಶೀಟ್ ಬೆಂಡ್ ಜಾರುತ್ತವೆ. ಮಗು ತಾನೇ ತಪ್ಪು ಹಾಕಿದೆ ಎಂದುಕೊಂಡು ಬೇಸರಪಡುತ್ತದೆ. ತುದಿಗೆ ದಾರ ಸುತ್ತದಿದ್ದರೆ ಹಗ್ಗ ತಿಂಗಳಲ್ಲೇ ಎಳೆಎಳೆ ಬಿಚ್ಚುತ್ತದೆ. ಮಗು ತಾನು ಮಾಡಿದ್ದನ್ನು ಬರೆದಿಡುವ ಲಾಗ್‌ಬುಕ್‌ಗೆ ಗಟ್ಟಿ ರಟ್ಟಿನ ಉದ್ದ ನೋಟ್‌ಬುಕ್ ಸಾಕು. ದುಬಾರಿ ಫೈಲು, ಬಣ್ಣದ ಪ್ರಿಂಟು, ಅಂಗಡಿಯಲ್ಲಿ ಬರೆಸಿದ ಚಾರ್ಟು ಯಾವುದೂ ಬೇಕಿಲ್ಲ. ಮಗುವಿನ ಕೈಬರಹವೇ ಇರಬೇಕು.

ಶಿಬಿರ: ಶುಲ್ಕದಷ್ಟೇ ಇನ್ನೊಂದು ಪಾಲು

ಶಿಬಿರ, ರ‍್ಯಾಲಿ, ಪರೀಕ್ಷಾ ಶಿಬಿರಗಳು ಹೆಚ್ಚಾಗಿ ನವೆಂಬರ್‌ನಿಂದ ಫೆಬ್ರವರಿವರೆಗೆ ಒತ್ತೊತ್ತಾಗಿ ಬರುತ್ತವೆ. ಪತ್ರದಲ್ಲಿ ಬರೆದ ಶುಲ್ಕ ಸಾಮಾನ್ಯವಾಗಿ ಊಟ, ಡೇರೆಗೆ. ಬಸ್ ಚಾರ್ಜು, ದಾರಿಯ ತಿಂಡಿ, ಟಾರ್ಚ್ ಸೆಲ್ಲು, ಪೆಟ್ರೋಲ್‌ನ ಅಡುಗೆ ಸಾಮಾನು, ಪದಕದ ದುಡ್ಡು ಅದರ ಹೊರಗೆ. ಆದ್ದರಿಂದ ಶುಲ್ಕ ಎಷ್ಟಿದೆಯೋ ಅಷ್ಟನ್ನೇ ಇನ್ನೊಮ್ಮೆ ಪಕ್ಕಕ್ಕಿಡಿ. ಜುಲೈ ತಿಂಗಳಲ್ಲೇ ಸ್ಕೌಟ್ ಮಾಸ್ಟರ್ ಬಳಿ ‘ಈ ವರ್ಷ ನಮ್ಮ ಮಗುವಿಗೆ ಯಾವ ಶಿಬಿರ ಕಡ್ಡಾಯ, ಯಾವುದು ಇಷ್ಟವಿದ್ದರೆ’ ಎಂದು ಕೇಳಿ ಬರೆದುಕೊಳ್ಳಿ. ಎಲ್ಲದಕ್ಕೂ ಕಳಿಸಬೇಕು ಎಂದೇನಿಲ್ಲ. ಕೈ ಬಿಗಿಯಿದ್ದರೆ ಸೋಪಾನದ ಪರೀಕ್ಷೆಗೆ ಬೇಕಾದ ಶಿಬಿರವನ್ನು ಹಿಡಿಯಿರಿ, ಪ್ರದರ್ಶನದ ರ‍್ಯಾಲಿ ಬಿಡಿ.

ಸಾಮಾನಿನ ವಿಷಯದಲ್ಲಿ ಪೇಟೆಗೆ ಓಡುವ ಮೊದಲು ಅಟ್ಟ ನೋಡಿ. ಜಮಖಾನ, ಕಂಬಳಿ, ಸ್ಟೀಲ್ ತಟ್ಟೆ–ಲೋಟ, ಮಗ್ ಎಲ್ಲ ಮನೆಯದ್ದೇ. ಹೊಸದಾಗಿ ಕೊಳ್ಳಬೇಕಾದದ್ದು ನೆಲಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, 2 ಮೀಟರ್ ಸಾಕು. ಇದನ್ನು ಬಿಟ್ಟು ಬಂದ ಮಗುವಿನ ಹಾಸಿಗೆ ಮೊದಲ ರಾತ್ರಿಯೇ ನೆಲದ ತೇವ ಹೀರಿಕೊಳ್ಳುತ್ತದೆ. ದೊಡ್ಡಬಳ್ಳಾಪುರದ ಡಾ. ಅನಿಬೆಸೆಂಟ್ ಪಾರ್ಕ್‌ನಲ್ಲಿ ರಾಜ್ಯದ ತರಬೇತಿ ಕೇಂದ್ರವಿದೆ. ಡಿಸೆಂಬರ್–ಜನವರಿಯಲ್ಲಿ ಅಲ್ಲಿ ರಾತ್ರಿ ಚಳಿ ಜೋರು. ಕರಾವಳಿಯಿಂದ ಬರುವ ಮಕ್ಕಳಿಗೆ ಸ್ವೆಟರ್, ಕಿವಿ ಮುಚ್ಚುವ ಟೋಪಿ ಕಳಿಸಲೇಬೇಕು. ನೂರು ಉಪಯೋಗದ ಚಾಕು, ದುಬಾರಿ ಟ್ರೆಕ್ಕಿಂಗ್ ಬ್ಯಾಗು, ಸ್ವಂತ ಡೇರೆ ಇವು ಯಾವುವೂ ಬೇಡ. ಗಟ್ಟಿ ಜಿಪ್ಪಿನ ಹಳೆಯ ಶಾಲಾ ಬ್ಯಾಗು ಮೂರು ರಾತ್ರಿಗೆ ಧಾರಾಳ.

ಪೆಟ್ರೋಲ್ ಅಡುಗೆಗೆ ಒಬ್ಬೊಬ್ಬರ ಮನೆಯಿಂದ ಒಂದೊಂದು ಪದಾರ್ಥ ತರಿಸಿದರೆ ಅಕ್ಕಿ ಮೂರು ಕಿಲೋ, ಉಪ್ಪೇ ಇಲ್ಲ ಎಂಬ ಸ್ಥಿತಿಯಾಗುತ್ತದೆ. ಹಣ ಒಟ್ಟುಮಾಡಿ ಒಬ್ಬರೇ ಕೊಳ್ಳಲಿ. ಒಂದು ಹೊತ್ತಿಗೆ ತಲೆಗೆ 125 ಗ್ರಾಂ ಅಕ್ಕಿ, 40 ಗ್ರಾಂ ಬೇಳೆ. ಎಂಟು ಮಕ್ಕಳಿಗೆ 1 ಕಿಲೋ ಅಕ್ಕಿ, 320 ಗ್ರಾಂ ಬೇಳೆ. ಪ್ರಥಮ ಚಿಕಿತ್ಸೆ ಡಬ್ಬಿಯೂ ಪೆಟ್ರೋಲ್‌ಗೆ ಒಂದೇ ಸಾಕು.

ಒಟ್ಟು ಎಷ್ಟು?

ಬೆಲೆ ಊರಿಂದೂರಿಗೆ ಬೇರೆ. ಕ್ರಮ ತಿಳಿಯಲು ಒಂದು ಉದಾಹರಣೆ ಇಟ್ಟುಕೊಳ್ಳಿ. ಬಟ್ಟೆ, ಹೊಲಿಗೆ ಕೂಲಿ ಸೇರಿ 1500 ರೂಪಾಯಿ, ಟೋಪಿ, ಬೆಲ್ಟ್, ಸ್ಕಾರ್ಫ್, ಪದಕಕ್ಕೆ 500. ಒಟ್ಟು 2000. ಎರಡು ವರ್ಷ ಬಾಳುವುದರಿಂದ ವರ್ಷದ ಪಾಲು 1000. ಶಿಬಿರ ಶುಲ್ಕ 600, ಅದರ ಮೇಲಿನ ಖರ್ಚಿಗೆ ಇನ್ನೊಂದು 600. ಹಗ್ಗ, ಲಾಗ್‌ಬುಕ್ಕು, ನೋಂದಣಿಗೆ 300. ಎಲ್ಲ ಸೇರಿ 2500. ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 250 ರೂಪಾಯಿ. ಮೊದಲ ವರ್ಷ ಮಾತ್ರ ಸಮವಸ್ತ್ರದ ಪೂರ್ತಿ ಹಣ ಒಮ್ಮೆಲೇ ಬೇಕು, ಆದ್ದರಿಂದ 3500 ಹಿಡಿದು ತಿಂಗಳಿಗೆ 350 ತೆಗೆದಿಡಿ. ನಿಮ್ಮೂರಿನ ಬೆಲೆ ಹಾಕಿ ಇದೇ ರೀತಿ ಬರೆದುಕೊಳ್ಳಿ.

ನವೆಂಬರ್ 7 ಸಂಸ್ಥೆಯ ಸ್ಥಾಪನಾ ದಿನ, ಧ್ವಜ ದಿನ. ಮಗು ಧ್ವಜದ ಚೀಟಿಗಳನ್ನು ಮನೆಗೆ ತರುತ್ತದೆ. ಎಲ್ಲ ಚೀಟಿಯನ್ನೂ ಅಪ್ಪ–ಅಮ್ಮನೇ ಕೊಂಡು ಮುಗಿಸುವುದು ಸರಿಯಲ್ಲ. ನೆರೆಹೊರೆಗೆ ಹೋಗಿ ವಿವರಿಸಿ ಮಾರಲಿ.

ಜಾಂಬೂರಿ ಈ ಲೆಕ್ಕದಲ್ಲಿ ಇಲ್ಲ

ಜಾಂಬೂರಿಗೆ, ಅಂದರೆ ಸ್ಕೌಟ್–ಗೈಡ್ ಮಕ್ಕಳ ದೊಡ್ಡ ಮೇಳಕ್ಕೆ, ಬೇರೆಯೇ ಡಬ್ಬಿ ಬೇಕು. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ಅದಾದ ಬೆನ್ನಿಗೆ 2023ರ ಜನವರಿ ಮೊದಲ ವಾರದಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯ ರೋಹಟ್‌ನಲ್ಲಿ 18ನೇ ರಾಷ್ಟ್ರೀಯ ಜಾಂಬೂರಿ. ದಕ್ಷಿಣ ಕನ್ನಡದ ಮನೆಯವರಿಗೆ ಮೊದಲನೆಯದು ಬಸ್ ಚಾರ್ಜಿನಲ್ಲಿ ಮುಗಿಯುವಂಥದ್ದು, ಎರಡನೆಯದು ದಿನಗಟ್ಟಲೆ ರೈಲು. ಶುಲ್ಕ ಒಂದೇ ಥರ ಕಂಡರೂ ಖರ್ಚು ಎಷ್ಟೋ ಪಟ್ಟು ಬೇರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ರೈಲು ಟಿಕೆಟ್, ಹೋಗುವಾಗ ಬರುವಾಗಿನ ಊಟ, ರಾಜ್ಯ ತಂಡದ ವಿಶೇಷ ಉಡುಪು ಇವೆಲ್ಲ ಸೇರಿವೆಯೇ ಎಂದು ಬರಹದಲ್ಲೇ ಕೇಳಿ. ರಿಯಾಯಿತಿ ಸಿಗಬಹುದು ಎಂಬ ಬಾಯಿಮಾತು ನಂಬಿ ಲೆಕ್ಕ ಇಳಿಸಬೇಡಿ.

ಈ ಡಬ್ಬಿಗೆ ಮಗುವಿನ ಪಾಲೂ ಬೀಳಲಿ. ದುಡಿದು ಗಳಿಸುವುದಕ್ಕೆ ಸ್ಕೌಟಿಂಗ್‌ನಲ್ಲೇ ‘ಖರೀ ಕಮಾಯಿ’ ಎಂಬ ಕಾರ್ಯಕ್ರಮವಿದೆ. ಹಳೆ ಪೇಪರ್ ಕಟ್ಟಿ ತೂಕಕ್ಕೆ ಹಾಕುವುದು, ನೆರೆಮನೆಯ ತೋಟದ ಕಳೆ ಕೀಳುವುದು, ಸೈಕಲ್ ಒರೆಸುವುದು ಯಾವುದಾದರೂ ಸರಿ. ಸುಮ್ಮನೆ ಕೈಗೆ ಹಣ ಕೊಟ್ಟು ‘ಕಮಾಯಿ’ ಎಂದು ಬರೆಸಬೇಡಿ. ಯಾರ ಮನೆ, ಯಾವ ಕೆಲಸ, ಎಷ್ಟು ರೂಪಾಯಿ ಎಂಬುದನ್ನು ದಿನಾಂಕ ಹಾಕಿ ಮಗುವೇ ಲಾಗ್‌ಬುಕ್‌ನಲ್ಲಿ ಬರೆದು, ಕೆಲಸ ಕೊಟ್ಟವರ ಸಹಿ ಮಾಡಿಸಿಕೊಳ್ಳಲಿ.