ಕೆಂಪು ವಹಿ ಮತ್ತು ಶನಿವಾರದ ಬಟವಾಡೆ

ಗದಗಿನಲ್ಲಿ ಪ್ರೆಸ್ ಇಟ್ಟವರಿಗೆ ಕೆಲಸಗಾರರ ತಾಪತ್ರಯ ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿ ದಾಟಿ ಕ್ಯಾಲೆಂಡರ್ ಆರ್ಡರ್ ಮೈಮೇಲೆ ಬಿದ್ದಾಗಲೇ, ಬೇರೆ ಕಡೆ 500 ರೂಪಾಯಿ ಹೆಚ್ಚಿಗೆ ಸಿಕ್ಕಿತೆಂದು ಮಷಿನ್‌ಮನ್ ಹೊರಟುಬಿಡುತ್ತಾನೆ. ನಮ್ಮದು 11 ಜನರ ಪ್ರೆಸ್. ಮೊದಲು ವರ್ಷಕ್ಕೆ ನಾಲ್ಕೈದು ಮಂದಿ ಬಿಟ್ಟು ಹೋಗುತ್ತಿದ್ದರು. ಈಗ ಎರಡೂವರೆ ವರ್ಷದಲ್ಲಿ ಬಿಟ್ಟವಳು ಒಬ್ಬಳೇ, ಅದೂ ಲಗ್ನವಾಗಿ ಸವದತ್ತಿಗೆ ಹೋದಳು. ಕೆಲಸಗಾರರ ಚಲೋ ಕೆಲಸವನ್ನು ಎಲ್ಲರೆದುರು ಹೇಳಬೇಕು ಅಂದಾಗ "ಹೊಗಳಿದ್ರ ತಲಿ ಮ್ಯಾಲ ಕೂಡ್ತಾರಲೇ" ಎಂದು ನಕ್ಕಿದ್ದ ಪಕ್ಕದ ಪ್ರೆಸ್ಸಿನ ಗೆಳೆಯ ಮೊನ್ನೆ ತಾನೇ ಬಂದು ಕುಂತು, "ಏನ್ ಮಾಡಿದಿ, ಖರೇ ಹೇಳು" ಅಂದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನಿಂದ ಶುರು ಮಾಡಿದ್ದೆ. ದಸರೆಗೆ ಬೋನಸ್ಸು, ಜೊತೆಗೆ ಅರ್ಧ ಕಿಲೋ ಮಿಠಾಯಿ. ಬನ್ನಿ ಕೊಟ್ಟು, "ಬಂಗಾರದಂಗ ಇರೋಣ" ಅಂದು, ಲಕೋಟೆ ಕೈಗಿಟ್ಟು, ದೊಡ್ಡ ದಾನ ಮಾಡಿದವನ ಹಾಗೆ ನಿಂತೆ. ಕಟಿಂಗ್ ಮಷಿನ್ನಿನ ನಮ್ಮ ಕಾಕಾ ನೋಟು ಎಣಿಸಿ, "ವರ್ಷದ ಪಗಾರದಾಗ ನೂರಕ್ಕ 8.33 ಅಂದ್ರ ಒಂದು ತಿಂಗಳ ಪಗಾರ. ಬರೋಬ್ಬರಿ ಐತ್ರಿ ಮಾಲಕರ" ಅಂದ. ಅಷ್ಟೇ. ಹೇಗೂ ಕೊಡಬೇಕಾದ್ದನ್ನು ಕೊಟ್ಟು ಮುಖ ನೋಡುತ್ತ ನಿಂತರೆ ಇನ್ನೇನು ಸಿಕ್ಕೀತು?

ಮರುವರ್ಷ ಎಲ್ಲರಿಗೂ ಒಂದೊಂದು ಕುಕ್ಕರ್ ಕೊಟ್ಟೆ. ಹದಿನೈದು ಸಾವಿರದ ಹತ್ತಿರ ಹೋಯಿತು. ಅದರಲ್ಲಿ ಎರಡು ಬೆಟಗೇರಿಯ ಪಾತ್ರೆ ಅಂಗಡಿಗೇ ತಿರುಗಿ ಬಂದವೆಂದು ಅಂಗಡಿಯವನೇ ನಗುತ್ತ ಹೇಳಿದ.

ಆಮೇಲೆ ಹುಬ್ಬಳ್ಳಿಯ ಒಂದು ಶೋರೂಮಿನಲ್ಲಿ ನೋಡಿದ್ದನ್ನು ಕಾಪಿ ಹೊಡೆದೆ: 'ತಿಂಗಳ ಉತ್ತಮ ಕೆಲಸಗಾರ', ಫ್ರೇಮು, ಫೋಟೋ. ಮೊದಲ ಎರಡು ತಿಂಗಳೂ ಫೋರ್ ಕಲರ್ ಮಷಿನ್ನಿನವನ ಫೋಟೋ ಬಂತು, ಇದ್ದುದರಲ್ಲಿ ಅವನೇ ಚಲೋ ಕೆಲಸಗಾರ. ಮೂರನೇ ತಿಂಗಳು ಸಿಂಗಲ್ ಕಲರ್‌ನವನು ನಾಲ್ಕು ದಿನ ಬರಲೇ ಇಲ್ಲ. ಮನೆಗೆ ಹೋಗಿ ಕರೆದರೆ, "ನಾ ಏನ್ ಹೊಲಸ್ ಕೆಲಸಾ ಮಾಡೇನ್ರಿ?" ಅಂದ. ಬೈಂಡಿಂಗಿನ ಹೆಣ್ಣುಮಕ್ಕಳದು ಇನ್ನೊಂದು ತಕರಾರು: "ಫೋಟೋ ಒಂದು ಬ್ಯಾಡ್ರಿ ಅಣ್ಣಾರ, ಮನ್ಯಾಗ ಬೈತಾರ." ಈಗ ಆ ಫ್ರೇಮಿನಲ್ಲಿ ಸಿದ್ಧಾರೂಢರು ಇದ್ದಾರೆ.

ನನಗೆ ಬುದ್ಧಿ ಬಂದದ್ದು ಒಂದು ಲಗ್ನಪತ್ರಿಕೆಯಿಂದ. ಮುಳಗುಂದದ ಕಡೆಯ ಪಾರ್ಟಿ, 800 ಪ್ರತಿ. ಪ್ರೂಫನ್ನು ಪಾರ್ಟಿ ನೋಡಿ ಸಹಿ ಹಾಕಿತ್ತು, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಹುಡುಗ ನೋಡಿದ್ದ, ನಾನೂ ನೋಡಿದ್ದೆ. ಮಷಿನ್ ಇನ್ನೇನು ಸ್ಪೀಡ್ ಹಿಡಿಯಬೇಕು, ಮಡಿಕೆ ಹಾಕುವ ಅಕ್ಕ ಒಂದು ಹಾಳೆ ಹಿಡಿದುಕೊಂಡು ಬಂದಳು. "ಅಣ್ಣಾರ, ಈ ತಾರೀಖು ಗುರುವಾರ ಅಲ್ರಿ, ಶುಕ್ರವಾರ. ನಮ್ಮ ತಂಗಿ ಮಗಳ ಅಕ್ಷತಾನೂ ಅವತ್ತ ಐತಿ." ಏಳೆಂಟು ಸಾವಿರ ಉಳಿಯಿತು. ಆವತ್ತೇ ಆಕೆ ಮುಕ್ಕಾಲು ತಾಸು ತಡವಾಗಿ ಬಂದಿದ್ದಳು. ಶನಿವಾರ ಬಟವಾಡೆಯಲ್ಲಿ ನಾನು ಆ ತಡದ ದುಡ್ಡು ಮುರಿದುಕೊಂಡೆ. ಪತ್ರಿಕೆಯ ಮಾತು ಎತ್ತಲೇ ಇಲ್ಲ, ನೆನಪೇ ಆಗಲಿಲ್ಲ. ಲೆಕ್ಕ ನೋಡುವ ನನ್ನ ಹೆಂಡತಿ ರಾತ್ರಿ ಅಂದಳು: "ತಪ್ಪು ಹಿಡದಾಕಿ ಪಗಾರಾನ ಹಿಡದ್ರಲ್ಲ!"

ಮರುದಿನವೇ ಕೆಂಪು ಅರಿವೆಯ ಒಂದು ವಹಿ ಕಟ್ಟಿಸಿದೆ. ಅಂದಿನಿಂದ ಪ್ರತಿ ಶನಿವಾರ ಲಕೋಟೆ ಹಂಚುವ ಮೊದಲು, ವಾರದಲ್ಲಿ ನಾನು ಕಂಡದ್ದನ್ನು ಓದುತ್ತೇನೆ. ದಿನ, ಜಾಬು, ಏನು ನಡೆಯಿತು, ಅಷ್ಟೇ. 'ಮಂಗಳವಾರ, ಜಾತ್ರೆ ಹ್ಯಾಂಡ್‌ಬಿಲ್. ಎರಡನೇ ಬಣ್ಣ ಹೊಂದುತ್ತಿರಲಿಲ್ಲ. ಹಾಳೆ ಹಿಡಿಯುವ ಗ್ರಿಪ್ಪರ್ ಸಡಿಲಾದದ್ದು ನೋಡಿ ಹೆಲ್ಪರ್ ಹುಡುಗ 40 ಹಾಳೆಯೊಳಗೇ ಮಷಿನ್ ನಿಲ್ಲಿಸಿದ.' ಶಾಬಾಶ್ ಅನ್ನುವುದಿಲ್ಲ, ಚಪ್ಪಾಳೆ ಇಲ್ಲ. ನಾಲ್ಕು ನಿಮಿಷದ ಕೆಲಸ. ಲಗ್ನಪತ್ರಿಕೆಯದೇ ಮೊದಲ ಬರಹ. ಓದಿ, ಆ 30 ರೂಪಾಯಿ ತಿರುಗಿ ಕೊಡಲು ಹೋದರೆ ಅಕ್ಕ ಮುಟ್ಟಲಿಲ್ಲ. "ತಡಾ ಆಗಿದ್ದು ಖರೇ ಐತಲ್ರಿ" ಅಂದಳು.

ಮೊದಲ ಕೆಲವು ವಾರ ಎಲ್ಲರೂ ನೆಲ ನೋಡುತ್ತಿದ್ದರು, ಹುಡುಗರು ಕಿಸಿಕಿಸಿ ನಗುತ್ತಿದ್ದರು. ನನಗೂ ಬರೆಯಲು ಏನೂ ಸಿಗುತ್ತಿರಲಿಲ್ಲ. ಕ್ಯಾಬಿನ್ನಿನಲ್ಲಿ ಕೂತವನಿಗೆ ಕಾಣುವುದಾದರೂ ಏನು? ದಿನಕ್ಕೆ ಎರಡು ಸಲ, ಅರ್ಧರ್ಧ ತಾಸು ಮಷಿನ್ ಹತ್ತಿರ ನಿಲ್ಲತೊಡಗಿದೆ. ಆರೇಳು ವಾರ ಆದ ಮೇಲೆ ಒಂದು ಶನಿವಾರ ಕಟಿಂಗ್ ಕಾಕಾ ಲಕೋಟೆ ತಗೊಳ್ಳದೆ ನಿಂತುಬಿಟ್ಟ. "ಮಾಲಕರ, ಗುರುವಾರದ್ದು ಬರದಿಲ್ರಿ." ಬೋನಸ್ಸಿಗೆ ಬರೋಬ್ಬರಿ ಅಂದಿದ್ದ ಅದೇ ಮನುಷ್ಯ!

ನಡುವೆ ಒಂದು ಹುಚ್ಚಾಟವನ್ನೂ ಮಾಡಿದೆ. ತಪ್ಪು ಹಿಡಿದವರಿಗೆ ತಪ್ಪಿಗೆ 50 ರೂಪಾಯಿ. ಮೂರು ವಾರದಲ್ಲಿ ಎರಡೂವರೆ ಸಾವಿರ ಹೋಯಿತು. ಒಬ್ಬ ಒಂದೇ ದಿನ 11 ತಪ್ಪು ಹಿಡಿದ, ಎಲ್ಲ ಅಲ್ಪವಿರಾಮ ಮತ್ತು ಸ್ಪೇಸಿನವು. ವಿಚಾರಿಸಿದರೆ ಡಿಟಿಪಿ ಹುಡುಗ ಬಿಡುವುದು, ಇವನು ಹಿಡಿಯುವುದು, ಸಂಜೆಗೆ ಮಿರ್ಚಿ-ಗಿರ್ಮಿಟ್ ಪಾಲು. ಬೈಯಬೇಕೆಂದವನಿಗೆ ನಗು ಬಂತು. ಅವತ್ತೇ ಬಂದ್ ಮಾಡಿದೆ.

ಮುಂದಿನ ಹೆಜ್ಜೆ ಹೆಸರು. ನಮ್ಮ ಪ್ರೆಸ್ಸಿನದೇ ಕ್ಯಾಲೆಂಡರ್ 1,000 ಪ್ರತಿ ಹೊಡೆಯುತ್ತೇವಲ್ಲ, ಅದರ ಡಿಸೆಂಬರ್ ಹಾಳೆಯ ಕೆಳಗೆ 8 ಪಾಯಿಂಟಿನ ಸಣ್ಣ ಅಕ್ಷರದಲ್ಲಿ ಎಲ್ಲರ ಹೆಸರು: ಕಟಿಂಗ್ ಇವರು, ಮಡಿಕೆ ಇವರು, ಹೊಲಿಗೆ ಇವರು. ಅಚ್ಚಿನ ಪ್ಲೇಟು ಹೇಗೂ ಮಾಡಲೇಬೇಕು, ಹಾಗಾಗಿ ಖರ್ಚು ಸೊನ್ನೆ. ಒಬ್ಬೊಬ್ಬರೂ ಹದಿನೈದಿಪ್ಪತ್ತು ಪ್ರತಿ ಊರಿಗೆ ಒಯ್ದರು. ಹೆಲ್ಪರ್ ಹುಡುಗನದು ಲಕ್ಕುಂಡಿಯ ಕಟಿಂಗ್ ಸಲೂನಿನಲ್ಲಿ ತೂಗುತ್ತಿದೆ, ಜನವರಿಯಲ್ಲೇ ಡಿಸೆಂಬರ್ ಹಾಳೆ ಮೇಲೆ ಮಾಡಿ.

ನಮ್ಮಲ್ಲಿ ಅಚ್ಚಾಗುವ ಪುಸ್ತಕಗಳಲ್ಲೂ ಕೆಲಸಗಾರರ ಹೆಸರಿಗೆ ಒಂದು ಸಾಲು ಕೇಳತೊಡಗಿದೆ. ಒಬ್ಬ ಪ್ರಕಾಶಕರು, "ಚಾ ತರೋ ಹುಡುಗನ ಹೆಸರೂ ಹಾಕ್ತೀರೇನ್ರಿ?" ಅಂದರು. ಬಳ್ಳಿಗಾವಿಯ ದಾಸೋಜ ಬೇಲೂರಿನ ಗುಡಿಯಲ್ಲಿ ತಾನು ಕಡೆದ ಮೂರ್ತಿಯ ಬುಡಕ್ಕೆ ತನ್ನ ಹೆಸರು ಕೊರೆದಿದ್ದಾನೆ, 900 ವರ್ಷವಾದರೂ ಗುಡಿಗೆ ಏನೂ ಕಡಿಮೆ ಬಿದ್ದಿಲ್ಲವಲ್ಲ ಅಂದೆ. ಹತ್ತು ಪ್ರಕಾಶಕರಲ್ಲಿ ನಾಲ್ವರು ಈಗ ಒಪ್ಪುತ್ತಾರೆ. ಚಹಾದ ಹುಡುಗನ ಹೆಸರು ಮರುವರ್ಷ ಕ್ಯಾಲೆಂಡರಿಗೆ ಬಂತು.

ಲೆಕ್ಕ ಕೇಳುವವರಿಗೆ: 500 ಹಾಳೆಯ ರೀಮಿಗೆ 25-30 ಹಾಳೆ ವೇಸ್ಟ್ ಹೋಗುತ್ತಿದ್ದದ್ದು 12-15ಕ್ಕೆ ಇಳಿದಿದೆ. ತಡವಾದರೆ ಈಗಲೂ ಪಗಾರ ಮುರಿಯುತ್ತೇನೆ, ಅದು ಬೇರೆ ಲೆಕ್ಕ. ಒಂದು ವಾರ ವಹಿಯಲ್ಲಿ ಒಬ್ಬರ ಹೆಸರು ಬರದೇ ಹೋದರೆ ಏನು ಮಾಡುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ನಮ್ಮ ಓಣಿಯ ಪ್ರೆಸ್ಸಿನವರೂ ಇದನ್ನು ಓದುತ್ತೀರಿ.

ಹೋದ ವರ್ಷದ ಕ್ಯಾಲೆಂಡರಿನಲ್ಲಿ ಕಟಿಂಗ್ ಕಾಕಾನ ಹೆಸರಿನದೇ ಒಂದು ದೀರ್ಘ ಬಿಟ್ಟುಹೋಗಿತ್ತು. 600 ಹಾಳೆ ಓಡಿದ ಮೇಲೆ ಹಿಡಿದವಳು ಅದೇ ಮಡಿಕೆಯ ಅಕ್ಕ. ಕಾಕಾ "ಇರ್ಲಿ ಬಿಡ್ರಿ" ಅಂದರೂ ಹಾಳೆ ಅಷ್ಟೂ ರದ್ದಿಗೆ ಹಾಕಿ ಹೊಸ ಪ್ಲೇಟ್ ಮಾಡಿಸಿದೆ. 1,800 ರೂಪಾಯಿ ಚಿಲ್ಲರೆ ಕೈಬಿಟ್ಟಿತು. ಶನಿವಾರ ವಹಿ ಓದಿ ಮುಚ್ಚುತ್ತಿದ್ದೆ. ಅಕ್ಕ ಹಿಂದಿನಿಂದ ಅಂದಳು, "ಹಿಡದದ್ದು ಬರದ್ರಿ. ಪ್ರೂಫ್ ನೋಡಿದವರು ಯಾರು ಅಂತನೂ ಬರೀರಿ ಅಣ್ಣಾರ." ಪೆನ್ ತಗೊಂಡು ಬರೆದೆ, ಮತ್ತೆ ನಿಂತು ಓದಿದೆ: 'ಪ್ರೂಫ್ ನೋಡಿದವರು, ಮಾಲಕರು.'