ಕಾರ್ ಶೋದಲ್ಲಿ ಫೋಟೊ: ಮೊದಲು ಪ್ರತಿಬಿಂಬ ನೋಡಿ

ಪಾಲಿಶ್ ಮಾಡಿ ನಿಲ್ಲಿಸಿದ ಕಾರು ಸುತ್ತಲಿನದ್ದನ್ನೆಲ್ಲ ಮೈಮೇಲೆ ತೋರಿಸುತ್ತದೆ: ಶಾಮಿಯಾನದ ಪಟ್ಟಿ, ಫ್ಲೆಕ್ಸ್, ಜನರ ಕಾಲು, ನೀವು ತೊಟ್ಟ ಅಂಗಿ. ಮಂಗಳೂರಿನ ಕೆಂಪು ಮಣ್ಣಿನ ಮೈದಾನದಲ್ಲಿ ಬಿಳಿ ಕಾರಿನ ಬಾಗಿಲಿನ ಕೆಳಭಾಗ ಕೆಂಪಾಗಿ ಬಂದರೆ ಅದು ನೆಲದ ಬಣ್ಣ. ವೈಟ್ ಬ್ಯಾಲೆನ್ಸ್ (ಕ್ಯಾಮೆರಾದ ಬಣ್ಣ ಹೊಂದಾಣಿಕೆ) ತಿದ್ದಲು ಹೋದರೆ ಟಾಪ್ ನೀಲಿಯಾಗುತ್ತದೆ, ಅಷ್ಟೆ. ಹಾಗಾಗಿ ಕ್ಯಾಮೆರಾ ಎತ್ತುವ ಮೊದಲು ಕಾರಿಗೊಂದು ಸುತ್ತು ಹಾಕಿ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಬಾನೆಟ್ ಮೇಲಿನ ಅರ್ಧ ಗೊಂದಲ ಹೋಗುತ್ತದೆ. ಅಂಗಿ ಕಡುಬಣ್ಣದ್ದಿರಲಿ.

ಉಳಿದದ್ದಕ್ಕೆ ಸರ್ಕ್ಯುಲರ್ ಪೋಲರೈಸರ್ ಬೇಕು, ಅಂದರೆ ಲೆನ್ಸಿನ ಮುಂದೆ ಹಾಕುವ, ಹೊಳಪು ತಗ್ಗಿಸುವ ಫಿಲ್ಟರ್. ಉಂಗುರವನ್ನು ನಿಧಾನವಾಗಿ ತಿರುಗಿಸಿ, ಗಾಜಿನ ಹೊಳಪು ಕರಗಿ ಒಳಗಿನ ಸೀಟು ಕಂಡಲ್ಲಿ ನಿಲ್ಲಿಸಿ. ಗಾಜಿನ ಮೇಲ್ಮೈಗೆ ಸುಮಾರು 35 ಡಿಗ್ರಿ ಓರೆಯಲ್ಲಿ ನೋಡುವಾಗ ಅದರ ಕೆಲಸ ಅತಿ ಚೆನ್ನಾಗಿರುತ್ತದೆ; ನೇರ ಎದುರು ನಿಂತರೆ ಏನೂ ಆಗದು. ಬಾನೆಟ್‌ಗೆ ಸರಿಹೊಂದಿಸಿದರೆ ಬಾಗಿಲಿನ ಹೊಳಪು ಉಳಿದುಬಿಡುತ್ತದೆ. ಎರಡೂ ಬೇಕಿದ್ದರೆ ಟ್ರೈಪಾಡ್ ಮೇಲೆ ಎರಡು ಫೋಟೊ ತೆಗೆದು ಆಮೇಲೆ ಜೋಡಿಸಿ. ಅಂಬಾಸಡರ್, ಪದ್ಮಿನಿಯ ಕ್ರೋಮ್ ಬಂಪರಿಗೆ ಈ ಫಿಲ್ಟರ್ ನಾಟುವುದಿಲ್ಲ, ಯಾಕೆಂದರೆ ಲೋಹದ ಪ್ರತಿಫಲನ ಬೇರೆ ಬಗೆಯದ್ದು. ಅಲ್ಲಿ ಓರೆಯಾಗಿ ಕುಳಿತು ನಿಮ್ಮ ಬಿಂಬವನ್ನು ತಪ್ಪಿಸುವುದೊಂದೇ ದಾರಿ. ಫಿಲ್ಟರ್ 1ರಿಂದ 2 ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕಿಳಿದಂತೆ). ಚಪ್ಪರದ ಕೆಳಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ.

ಕ್ಯಾಮೆರಾ ಹೆಡ್‌ಲೈಟಿನ ಎತ್ತರದಲ್ಲಿರಲಿ. ಮುಂಭಾಗ, ಒಂದು ಪಕ್ಕ ಎರಡೂ ಕಾಣುವ ಮೂಲೆಯಿಂದ, 50ರಿಂದ 85 ಮಿಮೀ ಲೆನ್ಸಿನಲ್ಲಿ, ಎಫ್ 8 ಅಪರ್ಚರಿನಲ್ಲಿ (ಲೆನ್ಸಿನ ಕಿಂಡಿಯ ಅಳತೆ) ತೆಗೆಯಿರಿ. ಮೊಬೈಲಿನ 1ಎಕ್ಸ್‌ನಲ್ಲಿ ಹತ್ತಿರ ಹೋದರೆ ಬಂಪರ್ ಊದಿಕೊಳ್ಳುತ್ತದೆ. ಹಿಂದೆ ಸರಿದು 2ಎಕ್ಸ್ ಅಥವಾ 3ಎಕ್ಸ್ ಹಾಕಿ. ಮಾಲೀಕರು ಹತ್ತಿರವೇ ಇರುತ್ತಾರೆ, "ಸ್ಟೇರಿಂಗ್ ಸ್ವಲ್ಪ ಆ ಕಡೆ ತಿರುಗಿಸ್ತೀರಾ?" ಎಂದು ಕೇಳಿ. ಚಕ್ರ ನಿಮ್ಮಿಂದ ಆಚೆಗೆ ತಿರುಗಿದಾಗ ಅಲಾಯ್ ಮುಖ ಪೂರ್ತಿ ಕಾಣುತ್ತದೆ, ಇಲ್ಲವಾದರೆ ಬರೀ ಟಯರ್. ಕೈ, ಬೆಲ್ಟಿನ ಬಕಲ್ ಬಣ್ಣಕ್ಕೆ ತಾಗದಿರಲಿ.

ಕಪ್ಪು ಕಾರಿಗೆ ಎಕ್ಸ್‌ಪೋಷರ್ (ಫೋಟೊದ ಬೆಳಕಿನ ಮಟ್ಟ) -0.7, ಬಿಳಿಗೆ +0.7ರಿಂದ ಶುರು ಮಾಡಿ. ಎಲ್‌ಇಡಿ ಹೆಡ್‌ಲೈಟು ಅರ್ಧ ಉರಿದಂತೆ ಬಂದರೆ ಶಟರ್ ವೇಗ ಹೆಚ್ಚಾಗಿದೆ ಎಂದರ್ಥ, 1/60 ಸೆಕೆಂಡಿಗೆ ಇಳಿಸಿ.

ಪಣಂಬೂರು, ಮಲ್ಪೆಯಂಥ ಕಡಲ ತಡಿಯಲ್ಲಿ ಕಾರು ನಿಂತಿದ್ದರೆ ಸೂರ್ಯ ಮುಳುಗುವ ತನಕ ಕಾಯಲೇಬೇಕು. ಅದಕ್ಕೆ ಮುಂಚೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತರೆ ನಿಮ್ಮದೇ ಉದ್ದ ನೆರಳು ಬಾಗಿಲ ಮೇಲೆ ಬೀಳುತ್ತದೆ. ಮುಳುಗಿದ ಮೇಲಿನ 10–20 ನಿಮಿಷ ಪಡುವಣ ಆಕಾಶದ ಬೆಳಕು ಕಾರಿನ ಪಕ್ಕದುದ್ದಕ್ಕೂ ಸಮನಾಗಿ ಹರಡಿ ಬಾಡಿಯ ಗೆರೆಗಳೆಲ್ಲ ಎದ್ದು ಬರುತ್ತವೆ. ಐಎಸ್‌ಒ 100, ಟ್ರೈಪಾಡ್, 2 ಸೆಕೆಂಡಿನ ಟೈಮರ್.

ಲೆನ್ಸ್ ಮೇಲೆ ಮರಳು ಕೂತರೆ ಮೊದಲು ಬ್ಲೋವರ್ (ಗಾಳಿ ಊದುವ ರಬ್ಬರ್ ಬುಡ್ಡೆ), ಆಮೇಲೆ ಬಟ್ಟೆ. ಎಸಿಯಿಂದ ಇಳಿದ ತಕ್ಷಣ ನಮ್ಮ ಸೆಕೆಗೆ ಲೆನ್ಸ್ ಮಂಜಾಗುತ್ತದೆ, ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಬ್ಯಾಗಿನ ಜಿಪ್ ಹಾಕಿಯೇ ಅರ್ಧ ಗಂಟೆ ಹೊರಗಿಡಿ.